ಮಗನ ಬಾಯಿಂದ ಒಂದು ಪ್ರಾರ್ಥನೆ

ಮಗ ಈ ಸಲವೂ ಬಾಯಿ ಬಿಡುವುದಿಲ್ಲ ಎಂಬುದು ಅವನ ದವಡೆ ನೋಡಿದ ಕೂಡಲೇ ಅಜ್ಜಿಗೆ ಗೊತ್ತಾಯಿತು. ಚಿಕ್ಕಂದಿನಲ್ಲಿ ಕಹಿ ಔಷಧಿ ಕುಡಿಸಲು ಹೋದಾಗಲೂ ಹೀಗೆಯೇ ಹಲ್ಲು ಕಚ್ಚಿಕೊಳ್ಳುತ್ತಿದ್ದ.

"ಕೈ ಮುಗಿಯೋ."

"ಮುಗಿದಿದ್ದೀನಲ್ಲಮ್ಮ."

"ಕೈ ಮುಗಿದ್ರೆ ಆಯ್ತಾ? ಬಾಯಿಗೇನು ಬೀಗ ಹಾಕಿದ್ದೀಯ?"

ಸೊಸೆ ಮುಖದ ಮೇಲಿನ ನಗುವನ್ನು ಸಡಿಲಿಸದೆಯೇ ಪಿಸುಗುಟ್ಟಿದಳು. "ಅತ್ತೆ, ಜಗಳ ಬೇಡ. ಜನ ನೋಡ್ತಾರೆ."

ಜನ ನೋಡುವ ಹಾಗೆಯೇ ಇತ್ತು ಆ ಕೋಣೆ. ಸೂರಿಗೆ ತಾಗುವ ಕ್ರಿಸ್‌ಮಸ್ ಮರ, ಅದರ ಬುಡದಲ್ಲಿ ರಿಬ್ಬನ್ನು ಕಟ್ಟಿದ ಉಡುಗೊರೆಗಳ ರಾಶಿ, ಮೂಲೆಯಲ್ಲಿ ಬಾಲಯೇಸುವಿನ ಗೋದಲಿ. ಮೇಜಿನ ಮೇಲೆ ಹೊಂಬಣ್ಣಕ್ಕೆ ಹುರಿದ ಕೋಳಿ, ಮೂರಂತಸ್ತಿನ ಕೇಕು, ದ್ರಾಕ್ಷಿಯ ಗೊಂಚಲು. ನಾಲ್ವರದೂ ಹೊಚ್ಚ ಹೊಸ ಬಟ್ಟೆ. ಅಜ್ಜಿಯ ಕತ್ತಿನ ಹಿಂದೆ ಬೆಲೆಚೀಟಿ ಚುಚ್ಚುತ್ತಿತ್ತು. ಕೀಳಬೇಡಿ ಎಂದು ಸೊಸೆ ಮೊದಲೇ ಹೇಳಿದ್ದಳು. ಮೇಜಿನ ಒಂದು ಮಗ್ಗುಲನ್ನು ಖಾಲಿ ಬಿಟ್ಟಿದ್ದರು. ಅಲ್ಲಿ ಯಾರೂ ಕೂರುವಂತಿರಲಿಲ್ಲ. ಆ ಕಡೆ ನೋಡಿದಾಗಲೆಲ್ಲ ಅಜ್ಜಿಗೆ ತೀರಿಕೊಂಡ ಗಂಡನ ನೆನಪು.

ಅವನಿದ್ದಾಗ ಕ್ರಿಸ್‌ಮಸ್ ಎಂದರೆ ಒಂದು ಬ್ರೆಡ್ಡು, ಬಿಸಿನೀರಿನಂಥ ಚಹಾ. ಆದರೂ ಮನೆಯ ಯಜಮಾನ ಪ್ರಾರ್ಥನೆ ಹೇಳದೆ ಯಾರೂ ತುತ್ತು ಮುಟ್ಟುವಂತಿರಲಿಲ್ಲ. ಪುಸ್ತಕದ ಪ್ರಾರ್ಥನೆಯಲ್ಲ. ಆ ವರ್ಷ ಮನೆಯಲ್ಲಿ ನಡೆದದ್ದನ್ನೆಲ್ಲ ಸ್ವಂತ ಮಾತಿನಲ್ಲಿ ದೇವರಿಗೆ ಒಪ್ಪಿಸಬೇಕು. ಸೂರು ಸೋರಿದ್ದು, ಮಗುವಿಗೆ ಹಲ್ಲು ಬಂದದ್ದು, ಗಂಡಹೆಂಡಿರು ಮುನಿಸಿಕೊಂಡದ್ದು, ಯಾವುದನ್ನೂ ಮುಚ್ಚಿಡುವಂತಿಲ್ಲ. ಗಂಡ ಹೋದ ಮೇಲೆ ಆ ಪಾಳಿ ಮಗನಿಗೆ ಬಂತು. ಮಗ ಬಡಗಿ. ಆ ಪಾಳಿಯನ್ನೂ ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದ. ಆಮೇಲೆ ಜನ ಅಂಗಡಿಯ ಸಿದ್ಧ ಮೇಜು-ಕುರ್ಚಿಗೆ ಮುಗಿಬಿದ್ದರು, ಅವನ ಉಳಿ-ಗರಗಸ ಮೂಲೆ ಸೇರಿದವು. ಕೆಲಸ ಹುಡುಕಿಕೊಂಡು ಅವನೊಂದು ಕಡೆ, ಸೊಸೆ ತನ್ನ ತವರಿನಲ್ಲಿ, ಅವಳ ಜೊತೆ ಮೊಮ್ಮಗಳು ಗುಬ್ಬಿ, ಅಜ್ಜಿ ಮುದುಕಿಯರ ಆಶ್ರಮದಲ್ಲಿ. ಅಂದಿನಿಂದ ಅವನು ದೇವರ ಜೊತೆ ಮಾತು ಬಿಟ್ಟಿದ್ದ.

ಇವತ್ತು ಎಲ್ಲರನ್ನೂ ಒಂದು ಮೇಜಿಗೆ ಸೇರಿಸಿದವಳು ಸೊಸೆ. ಯಾರ್ಯಾರ ಕೈಕಾಲು ಹಿಡಿದಿದ್ದಳೋ.

ಮಗ ಬೆರಳ ಗೆಣ್ಣಿನಿಂದ ಮೇಜಿನ ಅಡಿಗೆ ಕುಟ್ಟಿದ. "ಇದು ಮರಾನೇ ಅಲ್ಲಮ್ಮ. ಹೊಟ್ಟು ಅಂಟಿಸಿ ಮೇಲೆ ಕಾಗದ ಮೆತ್ತಿದ್ದಾರೆ. ನೀರು ಬಿದ್ರೆ ಊದ್ಕೊಳ್ಳುತ್ತೆ."

"ನಿನ್ನ ಮುಖ ನೀರು ಬೀಳದೇನೇ ಊದ್ಕೊಂಡಿದೆ."

ಗುಬ್ಬಿ ಕಿಸಕ್ಕನೆ ನಕ್ಕಳು. ನಗುತ್ತಲೇ ಕೈ ಚಾಚಿದಳು. "ಅಜ್ಜಿ, ಒಂದೇ ಒಂದು ದ್ರಾಕ್ಷಿ?"

"ಮುಟ್ಟಬೇಡ!" ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಹೇಳಿದರು. ಕೈ ಮತ್ತೆ ತೊಡೆಯ ಮೇಲಕ್ಕೆ ಹೋಯಿತು.

ಅಜ್ಜಿ ಮಗನ ಕಡೆ ಬಾಗಿದಳು. "ನೋಡಪ್ಪ, ಡಾಕ್ಟ್ರು ನನಗೆ ಹೇಳದೆ ನಿನ್ನ ಹೆಂಡತಿ ಕಿವೀಲಿ ಹೇಳಿದ್ರು. ನಾನೇನು ಕಿವುಡಿಯಲ್ಲ. ಮುಂದಿನ ಕ್ರಿಸ್‌ಮಸ್‌ಗೆ ನಾನಿರಲ್ಲ. ನಿನ್ನ ಬಾಯಿಂದ ಒಂದು ಪ್ರಾರ್ಥನೆ ಕೇಳ್ಕೊಂಡು ಹೋಗ್ತೀನಿ, ಅಷ್ಟೇ."

"ಇಲ್ಲಿ ಬೇಡಮ್ಮ."

"ಇಲ್ಲಿ ಅಲ್ದೆ ಇನ್ನೆಲ್ಲೋ? ನಾವು ನಾಲ್ಕೂ ಜನ ಒಟ್ಟಿಗಿರೋದು ಇಲ್ಲೊಂದೇ."

ಮಗ ಹೆಂಡತಿಯನ್ನು ನೋಡಿದ. ಅವಳು ನಗುತ್ತಲೇ ಇದ್ದಳು, ಕಣ್ಣುಗಳು ಮಾತ್ರ ತುಂಬಿದ್ದವು. ಅವನು ತಲೆ ತಗ್ಗಿಸಿದ. ಕಚ್ಚಿದ್ದ ದವಡೆ ಸಡಿಲವಾಯಿತು.

"ದೇವರೇ... ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಯಾಕೆ ಹೇಳ್ಲಿ. ನನ್ನ ಕೈಕಸುಬು ಹೋಯ್ತು, ಮನೆ ಚೆಲ್ಲಾಪಿಲ್ಲಿಯಾಯ್ತು, ನೀನು ನೋಡ್ತಾ ಕೂತಿದ್ದೆ. ಅಮ್ಮನ್ನ ಆಶ್ರಮದ ಬಾಗಿಲಲ್ಲಿ ಬಿಟ್ಟು ತಿರುಗಿ ನೋಡದೆ ಬಂದೆ. ಅದು ನಿನ್ನ ತಪ್ಪಲ್ಲ, ನಂದು. ಇವತ್ತೊಂದಿನ ಎಲ್ಲರೂ ನನ್ನ ಮಗ್ಗುಲಲ್ಲಿದ್ದಾರೆ. ಅಷ್ಟಕ್ಕೆ ನಿನಗೆ ಸ್ತೋತ್ರ."

ಅಷ್ಟರಲ್ಲಿ ದನಿ ಒಡೆಯಿತು. ಅಪ್ಪ ಸತ್ತಾಗಲೂ ಅಳದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಅಲುಗುವಂತೆ ಅತ್ತ. ಗುಬ್ಬಿ ಅವನ ತೋಳಿಗೆ ಕೆನ್ನೆ ಒತ್ತಿದಳು. ಸೊಸೆ ನಗುವುದನ್ನು ಮರೆತಳು.

"ಆಮೆನ್," ಎಂದಳು ಅಜ್ಜಿ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೇಳಬೇಕಾದದ್ದನ್ನು ಕೇಳಿಯಾಗಿತ್ತು. ಇನ್ನು ಕರೆದರೆ ಹೊರಟುಬಿಡಬಹುದು.

ಮರದ ಹಿಂದಿನ ಕಿರುಬಾಗಿಲು ತೆರೆಯಿತು. ಪೀಠೋಪಕರಣದ ಅಂಗಡಿಯ ಮ್ಯಾನೇಜರು ತಲೆ ಒಳಹಾಕಿ ಚಪ್ಪಾಳೆ ತಟ್ಟಿದ. "ಭಲೇ! ನೀವು ಏನು ಹೇಳಿದ್ರೋ ಗಾಜಿನಾಚೆಗೆ ಒಂದಕ್ಷರ ಕೇಳ್ಸಲ್ಲ, ಆದ್ರೆ ಆ ಅಳು! ಶೋಕೇಸ್ ಮುಂದೆ ಬೀದಿ ತುಂಬ ಜನ ನಿಂತ್ಬಿಟ್ಟಿದ್ದಾರೆ, ಒಳಗೆ ಈ ಮೇಜಿಗೆ ಆಗ್ಲೇ ಗಿರಾಕಿ ಬಂದಾಯ್ತು. ಇವತ್ತಿನ ಕೂಲಿಗೆ ಅಂಗಡಿ ಮುಚ್ಚೋವರೆಗೂ ಅರ್ಧ ಗಂಟೆಗೊಂದು ಸಲ ಅದನ್ನೇ ಮಾಡಿ. ಮುಖ ಮಾತ್ರ ಮುಚ್ಕೋಬೇಡಿ, ಕಣ್ಣೀರು ಕಾಣ್ಬೇಕು."

ಮಗ ಮುಖದಿಂದ ಕೈ ತೆಗೆದು, "ಆಗ್ಲಿ ಸಾರ್," ಎಂದ.