ಟಬ್‌ಗೆ ಇಳಿಯುವ ಮುನ್ನ

“ಕೂದಲು ಎತ್ತಿ ಕಟ್ಟದೆ ಮಾತ್ರ ಇಳೀಬೇಡಿ ಅಕ್ಕಾ,” ಎಂದ ಪ್ಲಂಬರ್, ಈಗಷ್ಟೇ ಕೂರಿಸಿದ ಸುಳಿನೀರಿನ ಟಬ್‌ನ ಜಾಲರಿಗೆ ಬೆರಳು ತೋರಿಸಿ. “ನೀರು ಒಳಗೆಳೆಯೋ ಬಾಯಿ ಇದು. ಜಡೆ ಸಿಕ್ಕಿತೋ, ಉಡದ ಪಟ್ಟು! ತಲೆ ಎತ್ತೋಕೂ ಬಿಡಲ್ಲ.”

ದರ್ಜಿಯಕ್ಕ ತನ್ನ ಸೊಂಟದುದ್ದದ ಜಡೆಯನ್ನು ಮುಂದಕ್ಕೆಳೆದುಕೊಂಡಳು. ಭುಜ ಹಿಡಿದುಕೊಂಡು ಆರು ತಿಂಗಳಿಂದ ಬಲಗೈ ಕಿವಿಯ ಮೇಲಕ್ಕೆ ಏಳದು. ಬಿಸಿನೀರಿನ ಸುಳಿಗೆ ನೋವು ಇಳಿದೀತೆಂದೇ ಈ ಟಬ್ ತರಿಸಿದ್ದು. ತುರುಬು ಕಟ್ಟುವ ಕೈಯಿದ್ದಿದ್ದರೆ ಟಬ್ಬೇ ಬೇಕಿರಲಿಲ್ಲ.

“ಕಟ್ಟಿಕೊಡೋಕೆ ಮನೇಲಿ ಯಾರಾದ್ರೂ ಇದ್ದಾರೆ ತಾನೆ?”

“ತಂಗಿ ಇದ್ದಾಳಲ್ಲಪ್ಪ. ಅವಳು ಕಟ್ಟಿದ ತುರುಬು ಬಿರುಗಾಳಿಗೂ ಬಿಚ್ಚಲ್ಲ.”

“ಹಾಗಾದ್ರೆ ಅವ್ರಿಗೂ ಹೇಳ್ಬಿಡಿ,” ಎಂದು ಅವನು ಚೀಲ ಹೆಗಲಿಗೇರಿಸಿ ಹೊರಟ.

ತಂಗಿ ತೀರಿಕೊಂಡು ವರ್ಷ ಕಳೆದಿತ್ತು. ಅವಳ ಬಾಚಣಿಗೆ ಇನ್ನೂ ಕನ್ನಡಿಯ ಕೆಳಗೇ ಇತ್ತು, ಹಲ್ಲುಗಳ ನಡುವೆ ಇಬ್ಬರ ಕೂದಲೂ ಸಿಕ್ಕಿಕೊಂಡು. ಅಕ್ಕ ನಲ್ಲಿ ತಿರುಗಿಸಿದಳು. ಟಬ್ ತುಂಬುವಷ್ಟರಲ್ಲಿ ಹೊಲಿಗೆ ಯಂತ್ರದ ಮೇಲಿದ್ದ ದೊಡ್ಡ ಕತ್ತರಿ ತಂದು, ಜಡೆಯನ್ನು ಕತ್ತಿನ ಬಳಿ ಬಿಗಿಯಾಗಿ ಹಿಡಿದು, ಗಿರಾಕಿಯ ಬಟ್ಟೆಗೆ ಹಾಕುವಷ್ಟೇ ಸಲೀಸಾಗಿ ಕತ್ತರಿ ಹಾಕಿದಳು. ಬಿಚ್ಚಿಹೋಗದಂತೆ ಅದರ ತುದಿಗೆ ದಾರ ಸುತ್ತಿ, ಬಾಚಣಿಗೆಯ ಪಕ್ಕದಲ್ಲಿಟ್ಟು, ನೀರಿಗಿಳಿದಳು.