ರುಚಿ ನೋಡಿದವರ ಸಹಿ

ಕಡಲೆ ಕೀಳುವ ಸುಗ್ಗಿ. ಬಿಸಿಲೇರಿದರೆ ಕಾಯಿ ಉದುರುತ್ತದೆಂದು ಊರಿನ ಹೆಂಗಸರೆಲ್ಲ ನಸುಕಿನಲ್ಲೇ ಹೊಲಕ್ಕೆ ಹೋಗಿಬಿಡುತ್ತಿದ್ದರು.

ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಎಷ್ಟೋ ಮಕ್ಕಳಿಗೆ ದಿನದ ಮೊದಲ ತುತ್ತು ಎಂದರೆ ಶಾಲೆಯ ಬಿಸಿಯೂಟ...

ಅಡುಗೆಮನೆಯಲ್ಲಿ ಕಾಶವ್ವ ಬೇಳೆ ತೊಳೆಯುತ್ತಿದ್ದಳು. ಹನ್ನೆರಡು ವರ್ಷದಿಂದ ಅದೇ ಕೆಲಸ. ಅಕ್ಕಿ, ಬೇಳೆ, ಎಣ್ಣೆ ಸರ್ಕಾರದ್ದು. ಕರಿಬೇವು ಮಾತ್ರ ಅವಳ ಹಿತ್ತಲಿನದು, ಬೆಳ್ಳುಳ್ಳಿಯೂ ಅವಳದ್ದೇ.

ಅವಳ ಒಗ್ಗರಣೆಯ ವಾಸನೆ ಬಂದರೆ ಕೊನೆಯ ಬೆಂಚಿನವರಿಗೂ ಲೆಕ್ಕ ತಲೆಗೆ ಹತ್ತುತ್ತಿತ್ತು ಎಂದು ಊರವರು ನಗುತ್ತಿದ್ದರು. ಶಾಲೆ ತಪ್ಪಿಸುವ ಮಕ್ಕಳೂ ಆ ಸಾರಿಗಾಗಿಯೇ ಬರುತ್ತಿದ್ದರು.

ಅಂಥವಳ ಅಡುಗೆ ಆ ವರ್ಷ ಕೆಟ್ಟಿತು.

ಒಂದು ದಿನ ಉಪ್ಪೇ ಇಲ್ಲ... ಮರುದಿನ ಎರಡು ಪಟ್ಟು ಉಪ್ಪು... ಇನ್ನೊಂದು ದಿನ ತಳ ಹತ್ತಿದ ವಾಸನೆ.

"ಯಮ್ಮಾ, ಸಾರು ಬಾಯಾಗ ಇಡಾಕ ಆಗವಲ್ದು," ಎಂದು ಮಕ್ಕಳು ಮುಖ ಕಿವುಚಿದರೆ ಕಾಶವ್ವ ಗದರುತ್ತಿದ್ದಳು.

"ಸುಮ್ನ ಉಣ್ರಿ! ಹೆಡ್‌ಮಾಸ್ತರು ರುಚಿ ನೋಡಿ ಚಲೋ ಐತಿ ಅಂದಾರ. ನಿಮ್ದೇನು ಅವರಗಿಂತ ದೊಡ್ಡ ನಾಲಿಗಿ?"

ಮಕ್ಕಳು ತಟ್ಟೆಯನ್ನು ಕಾಂಪೌಂಡ್ ಗೋಡೆಯ ಆಚೆ ಸುರಿದು ನೀರು ಕುಡಿದು ಕೂರುತ್ತಿದ್ದರು. ಅವಳಿಗೆ 'ಉಪ್ಪವ್ವ' ಎಂದು ಹೆಸರಿಟ್ಟರು.

ಶಾಲೆಯಲ್ಲಿ ಒಂದು ನಿಯಮವಿತ್ತು. ಮಕ್ಕಳಿಗೆ ಬಡಿಸುವ ಮೊದಲು ಹೆಡ್‌ಮಾಸ್ತರರು ಊಟದ ರುಚಿ ನೋಡಬೇಕು, ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಬೇಕು.

ಕಾಶವ್ವ ದಿನವೂ ಒಂದು ಬಟ್ಟಲು ಸಾರನ್ನು ಅವರ ಟೇಬಲ್ ಮೇಲಿಟ್ಟು, ಹೊರಗೆ ಪಡಸಾಲೆಯಲ್ಲಿ ಕಾಯುತ್ತಿದ್ದಳು.

"ಹೆಂಗೈತ್ರೀ ಸರ?"

"ಚಲೋ ಆಗೈತವ್ವ, ಬಡಸು," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಅಷ್ಟೊತ್ತಿಗೆ ಸಾರು ಕಿಟಕಿಯ ಆಚೆ ಚೆಲ್ಲಿ ಆಗಿರುತ್ತಿತ್ತು... ಹೆಡ್‌ಮಾಸ್ತರರಿಗೆ ಮನೆಯಿಂದ ಟಿಫಿನ್ ಕ್ಯಾರಿಯರ್ ಬರುತ್ತಿತ್ತು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಪೆನ್ನು. 'ರುಚಿ ಚೆನ್ನಾಗಿದೆ' ಎಂದು ಬರೆದು ಸಹಿ.

ಕೊನೆಗೆ ಪಾಲಕರು ಜಗಳಕ್ಕೆ ಬಂದರು. ಮೀಟಿಂಗ್ ಸೇರಿತು. ಶಾಲಾ ಸಮಿತಿಯ ಅಧ್ಯಕ್ಷರು ರಿಜಿಸ್ಟರ್ ತೆರೆದರು. ಪುಟದ ಮೇಲೆ ಪುಟ... ಒಂದು ದಿನವೂ ತಪ್ಪದೆ 'ಚೆನ್ನಾಗಿದೆ'.

"ಏನಬೇ ಕಾಶವ್ವ, ಮಾಸ್ತರಗ ಒಂದ ಗಡಿಗಿ, ಹುಡುಗ್ರಿಗೆ ಒಂದ ಗಡಿಗಿ ಇಟ್ಟೀಯೇನು?"

ಎಲ್ಲರೂ ನಕ್ಕರು.

"ದೇವರಾಣಿ ಇಲ್ರೀ! ಒಂದ ಗಡಿಗಿರೀ. ಸರನ್ನ ಕೇಳ್ರಿ... ಸರ, ನೀವಾದ್ರೂ ಹೇಳ್ರೀ..."

ಹೆಡ್‌ಮಾಸ್ತರರು ರಿಜಿಸ್ಟರ್ ನೋಡಿದರು. ತಮ್ಮದೇ ಸಹಿ. ನಾನು ರುಚಿಯೇ ನೋಡಿಲ್ಲ ಎಂದರೆ ತಮ್ಮ ನೌಕರಿಗೆ ಕುತ್ತು... ತಲೆ ತಗ್ಗಿಸಿ ರಿಜಿಸ್ಟರ್ ಮುಚ್ಚಿ ಅಧ್ಯಕ್ಷರತ್ತ ಸರಿಸಿದರು.

ಕಾಶವ್ವನನ್ನು ಅವತ್ತೇ ತೆಗೆದುಹಾಕಿದರು.

ವಾರದ ನಂತರ ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಬೇಕಾಯಿತು. ಹೆಡ್‌ಮಾಸ್ತರರು ಅವಳು ಕಡಲೆ ಕೀಳುತ್ತಿದ್ದ ಹೊಲಕ್ಕೇ ಹೋದರು. ಉಳಿದ ಹೆಂಗಸರು ಗುಂಪಾಗಿ ಬುತ್ತಿ ಬಿಚ್ಚಿದ್ದರು. ಕಾಶವ್ವ ಮಾತ್ರ ಬದುವಿನ ಮೇಲೆ ಒಬ್ಬಳೇ ಕುಳಿತಿದ್ದಳು.

"ಉಣ್ಣೂ ಹೊತ್ತಿಗೆ ಬಂದೀರಿ ಸರ. ಹಂಗ ಹೋಗಬ್ಯಾಡ್ರಿ, ಒಂದ ರೊಟ್ಟಿ ತಿನ್ರಿ."

ಅಲ್ಲಿ ಕಿಟಕಿ ಇರಲಿಲ್ಲ... ಚೆಲ್ಲುವಂತೆಯೂ ಇರಲಿಲ್ಲ. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟರು. ನುಂಗಲಾಗಲಿಲ್ಲ.

"ಕಾಶವ್ವ... ಉಪ್ಪು ಭಾಳ ಆಗೈತಿ."

ಅವಳ ಕೈ ಹಾಗೇ ನಿಂತಿತು.

"ಹೌದ್ರೀ? ನನಗ ಗೊತ್ತಾಗಂಗಿಲ್ರೀ ಸರ. ಮಳಿಗಾಲದಾಗ ಜ್ವರ ಬಂದಿತ್ತಲ್ರೀ... ಆವಾಗಿಂದ ನಾಲಿಗಿಗೆ ರುಚಿ ಇಲ್ಲ, ಮೂಗಿಗೆ ವಾಸನಿ ಇಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡಿಸಿ ಕಳಸ್ತಾರಂತ ಅಂಜಿಕಿ. ನನ್ನ ನಾಲಿಗಿ ಹೋದ್ರೇನಾತು, ಸರದು ಐತಲ್ಲ ಅನ್ಕೊಂಡೆ... ಅದಕ್ಕ ದಿನಾ ನೀವು ಚಲೋ ಐತಿ ಅನ್ನೂತನಕ ನಿಂದರತಿದ್ದೆ."

ಅವರ ಕಣ್ಣು ತುಂಬಿ ಬಂತು.

"ತಪ್ಪು ನಂದವ್ವ. ಒಂದು ದಿನಾನೂ ನಾ ಬಾಯಿಗೆ ಇಡಲಿಲ್ಲ. ಮೀಟಿಂಗ್ ಕರಸ್ತೀನಿ..."

"ಮೀಟಿಂಗಿಗೆ ಬೆಂಕಿ ಹಚ್ರಿ!" ಕಾಶವ್ವನ ದನಿ ಏರಿತು. "ಹುಡುಗ್ರು ಖರೇನ ಹೇಳತಿದ್ವು. ನಿಮ್ಮ ಮಾತ ಕೇಳಿ ನಾ ಅವನ್ನ ಬೈದೆ. ಹಸಗೊಂಡ ಕುಂತಾವಲ್ರೀ... ಈಗ ಓಣ್ಯಾಗ ನನ್ನ ಮಾರಿ ನೋಡಂಗಿಲ್ಲ. ಉಪ್ಪವ್ವ ಬೇಕಂತ ಮಾಡಿಲ್ಲ ಅಂತ ಅವಕ್ಕ ಒಂದ ಮಾತು ಹೇಳ್ರಿ. ಮತ್ತೇನೂ ಬ್ಯಾಡ ನನಗ."

"ನಾಳೆನ ಹೇಳ್ತೀನಿ," ಎಂದರು ಹೆಡ್‌ಮಾಸ್ತರರು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯಿತು. ನೂರಾಹತ್ತು ಮಕ್ಕಳು ಅವರನ್ನೇ ನೋಡುತ್ತಿದ್ದರು. ಬಾಯಿ ತೆರೆದರು...

"ನಾಳೆ ಎಲ್ಲಾರೂ ಯೂನಿಫಾರ್ಮ್ ಹಾಕ್ಕೊಂಡು ಬರ್ರಿ," ಎಂದು ಹೇಳಿ ಒಳಗೆ ಹೋದರು.

ಅವತ್ತಿನಿಂದ ಟಿಫಿನ್ ಕ್ಯಾರಿಯರ್ ಬರುವುದು ನಿಂತಿತು. ಮಕ್ಕಳ ಪಂಕ್ತಿಯಲ್ಲಿ ಕುಳಿತು ತಟ್ಟೆ ತುಂಬ ಉಣ್ಣತೊಡಗಿದರು. ಬೇಳೆ ಬೇಯದಿದ್ದರೆ ಹೊಸ ಅಡುಗೆಯವಳಿಗೆ ಅಲ್ಲೇ ಹೇಳುತ್ತಿದ್ದರು. ಮಕ್ಕಳು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಗೋಡೆಯ ಆಚೆ ಅನ್ನ ಬೀಳುತ್ತಿರಲಿಲ್ಲ.

ಆದರೆ ಕಾಶವ್ವ ಕೇಳಿದ ಆ ಒಂದು ಮಾತು...

ಮೇ ತಿಂಗಳಲ್ಲಿ ಅವರು ರಿಟೈರ್ ಆದರು. ಹೇಳಲಿಲ್ಲ.

ಬೇರೆಯವರ ಅಡುಗೆಯ ರುಚಿ ನೋಡಿ ನಿಜ ಹೇಳುವುದೂ ಅನ್ನ ಹಾಕಿದಷ್ಟೇ ದೊಡ್ಡದು... ಅದನ್ನು ಹೊತ್ತಿಗೆ ಸರಿಯಾಗಿ ಹೇಳಬೇಕು.

ಇವತ್ತು ನಿಮ್ಮ ಮನೆಯ ಊಟವನ್ನು ನೀವು ನಿಜವಾಗಿ ರುಚಿ ನೋಡಿದಿರಾ... ಇಲ್ಲವೇ ಮೊಬೈಲ್ ನೋಡುತ್ತಲೇ "ಚೆನ್ನಾಗಿದೆ" ಅಂದುಬಿಟ್ಟಿರಾ?