ಟೊಮೆಟೊ ಕೂಲಿ

ಊದುಬತ್ತಿ ಕಾರ್ಖಾನೆಯಲ್ಲಿ ಹೊಸ ಒಪ್ಪಂದವಾಗಿತ್ತು: ಎದುರಿನ ಚಿಕ್ಕತಾಯಿಯ ಅಂಗಡಿಯಲ್ಲಿ ಟೊಮೆಟೊ ದರ ಏರಿದಷ್ಟೂ ಹೆಂಗಸರ ಕೂಲಿ ಏರಬೇಕು. ದರ ಬರೆದುಕೊಂಡು ಹೋಗಲು ಗುಮಾಸ್ತ ಇನ್ನೇನು ಬರುವವನಿದ್ದ. ಅದಕ್ಕೇ ಪುಟ್ಟಗೌರಿ ಕೆಲಸ ಬಿಟ್ಟು ಚೀಲ ಹಿಡಿದು ಓಡಿ ಬಂದಿದ್ದಳು.

“ಕೆಜಿ ಎಷ್ಟೇ, ಚಿಕ್ಕತಾಯಿ?”

“ಇಪ್ಪತ್ತು ಕಣಕ್ಕ.”

“ಇಪ್ಪತ್ತಕ್ಕೆ ಮಾರಿದ್ರೆ ನೀನೇನು ಉಣ್ತೀಯಾ? ನಲವತ್ತು ಮಾಡು.”

“ಅಯ್ಯೋ, ಅಷ್ಟಕ್ಕೆಲ್ಲ ನಂಗೆ ಗಿಟ್ಟಲ್ಲ. ಬೇಕಾದ್ರೆ ಹದಿನೆಂಟಕ್ಕೆ ತಗೊಂಡೋಗು.”

ಚೌಕಾಸಿಯಲ್ಲಿ ಪುಟ್ಟಗೌರಿ ಯಾರಿಗೂ ಸೋತವಳಲ್ಲ. ಬೇಡವೇ ಬೇಡ ಎಂದು ಹೊರಟಂತೆ ಮಾಡಿದಳು. ಯಾರೂ ಕರೆಯದಿದ್ದಾಗ ತಾನೇ ತಿರುಗಿ ಬಂದಳು.

“ಕೊನೇ ಮಾತು, ಐವತ್ತು!”

ಚಿಕ್ಕತಾಯಿಯ ಕಣ್ಣಲ್ಲಿ ನೀರೇ ಬಂತು. “ನಿನ್ನ ಕಾಲಿಗೆ ಬೀಳ್ತೀನಿ, ಬಿಟ್ಬಿಡಕ್ಕ. ಈ ಅಂಗಡಿ ನಿಮ್ಮ ಸಾಹುಕಾರ್ರದ್ದೇ. ನಿಮ್ಮ ಕೂಲಿ ಏರಿದಷ್ಟೂ ನನ್ನ ಬಾಡಿಗೆ ಏರುತ್ತೆ ಅಂತ ಬರೆಸ್ಕೊಂಡಿದಾರೆ.”

ಗುಮಾಸ್ತ ಆಗಲೇ ಗೇಟು ದಾಟಿದ್ದ. ಪುಟ್ಟಗೌರಿ ಚಿಕ್ಕತಾಯಿಯ ಎರಡೂ ಕೈ ಹಿಡಿದುಕೊಂಡಳು.

“ಅಳಬೇಡ, ಸುಮ್ನಿರು. ನಿನ್ನ ಬಾಡಿಗೆನೂ ಸೇರಿಸಿ ನೂರು ಮಾಡು.”